ಬಾಣದ ತುದಿ ಯಾವ ಕಡೆಗೆ? ಆಹಾರ ಸರಪಳಿಯ ಬಗ್ಗೆ ಓದುಗರ ಪ್ರಶ್ನೆಗಳು

ಆಹಾರ ಸರಪಳಿ ಮತ್ತು ಆಹಾರ ಜಾಲದ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಒಂದೇ ಬಗೆಯವನ್ನು ಒಟ್ಟುಗೂಡಿಸಿ, ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಆಹಾರ ಸರಪಳಿಯ ಚಿತ್ರ ಬಿಡಿಸುವಾಗ ನನ್ನ ತರಗತಿಯ ಅರ್ಧದಷ್ಟು ಮಕ್ಕಳು ಬಾಣವನ್ನು ಕಪ್ಪೆಯಿಂದ ಮಿಡತೆಯ ಕಡೆಗೆ ಎಳೆಯುತ್ತಾರೆ. ಪುಸ್ತಕದಲ್ಲಿ ಅದು ತಿರುವುಮುರುವಾಗಿದೆ. ಇದನ್ನು ಮನದಟ್ಟಾಗುವಂತೆ ಹೇಳುವುದು ಹೇಗೆ? ಸರಪಳಿಗೂ ಜಾಲಕ್ಕೂ ಇರುವ ವ್ಯತ್ಯಾಸವನ್ನೂ ತಿಳಿಸಿ.
— ಪ್ರೌಢಶಾಲಾ ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಮಕ್ಕಳ ತರ್ಕ ಸಹಜವಾದದ್ದೇ. ಬೇಟೆಯಲ್ಲಿ ಮುಂದಕ್ಕೆ ಜಿಗಿಯುವುದು ಕಪ್ಪೆ; ಹಾಗಾಗಿ ಬಾಣವೂ ಕಪ್ಪೆಯಿಂದಲೇ ಹೊರಡಬೇಕೆಂದು ಅವರಿಗೆ ಅನ್ನಿಸುತ್ತದೆ. ಆದರೆ ಆ ಬಾಣ ಬೇಟೆಯ ದಿಕ್ಕನ್ನು ತೋರಿಸುವುದಲ್ಲ, ಆಹಾರ ಸಾಗಿದ ದಿಕ್ಕನ್ನು ತೋರಿಸುವುದು. "ಯಾರು ಯಾರನ್ನು ತಿಂದರು?" ಎಂದು ಕೇಳುವ ಬದಲು "ತಿಂದದ್ದು ಯಾರ ಹೊಟ್ಟೆ ಸೇರಿತು?" ಎಂದು ಕೇಳಿ ನೋಡಿ; ಬಾಣ ತಾನಾಗಿಯೇ ಸರಿಯಾದ ಕಡೆಗೆ ತಿರುಗುತ್ತದೆ. ಭತ್ತದ ಎಲೆ ಮಿಡತೆಯ ಹೊಟ್ಟೆಗೆ, ಮಿಡತೆ ಕಪ್ಪೆಯ ಹೊಟ್ಟೆಗೆ, ಕಪ್ಪೆ ಕೇರೆ ಹಾವಿನ ಹೊಟ್ಟೆಗೆ, ಹಾವು ಹದ್ದಿನ ಹೊಟ್ಟೆಗೆ. ಇದೊಂದು ಸರಪಳಿ.

ನಮ್ಮಲ್ಲಿ ಹಿಂದಿನಿಂದಲೂ ಮತ್ಸ್ಯನ್ಯಾಯ ಎಂಬ ಮಾತಿದೆ: ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ. ಆಹಾರ ಸರಪಳಿಯೆಂದರೆ ಇದೇ ಎಂದು ತಿಳಿಯುವವರು ಬಹಳ ಮಂದಿ. ಆದರೆ ಮತ್ಸ್ಯನ್ಯಾಯದಲ್ಲಿ ಹಸಿರಿಗೆ ಜಾಗವಿಲ್ಲ, ಕೊಳೆತದ್ದಕ್ಕೂ ಜಾಗವಿಲ್ಲ. ಅದು ಬಲದ ಮಾತು. ಸರಪಳಿ ಶುರುವಾಗುವುದು ಯಾರನ್ನೂ ತಿನ್ನದೆ ಬಿಸಿಲು, ನೀರು ಮತ್ತು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್‌ನಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುವ ಸಸ್ಯದಿಂದ.

ಇನ್ನು ಜಾಲದ ಮಾತು. ನಿಮ್ಮ ಶಾಲೆಯ ಸುತ್ತಲಿನ ಯಾವುದಾದರೂ ಗದ್ದೆಯನ್ನು ಮಕ್ಕಳಿಗೆ ತೋರಿಸಿ. ಕೇರೆ ಹಾವು ಕಪ್ಪೆಯನ್ನಷ್ಟೇ ತಿನ್ನುವುದಿಲ್ಲ. ಇಲಿಯನ್ನೂ ಹಕ್ಕಿಮರಿಯನ್ನೂ ತಿನ್ನುತ್ತದೆ. ಇಲಿ ಭತ್ತವನ್ನೇ ತಿನ್ನುವುದರಿಂದ, ಅದನ್ನು ಹಿಡಿದ ದಿನ ಹಾವು ಸರಪಳಿಯ ಮೂರನೆಯ ಮೆಟ್ಟಿಲಲ್ಲಿರುತ್ತದೆ. ಕಪ್ಪೆಯನ್ನು ಹಿಡಿದ ದಿನ ನಾಲ್ಕನೆಯದರಲ್ಲಿ. ನವಿಲಂತೂ ಕಾಳು, ಹುಳು, ಸಣ್ಣ ಹಾವು ಎಲ್ಲವನ್ನೂ ತಿಂದು ಯಾವ ಮೆಟ್ಟಿಲಿಗೂ ಸಿಗದ ಪ್ರಾಣಿ. ಇದಕ್ಕಿಂತಲೂ ಸೊಗಸಾದ ಉದಾಹರಣೆ ಏರೋಪ್ಲೇನ್ ಚಿಟ್ಟೆಯೆಂದು ಮಕ್ಕಳು ಕರೆಯುವ ಕೊಡತಿ ಕೀಟದ್ದು. ಅದರ ಮರಿ ನೀರಿನಲ್ಲಿದ್ದಾಗ ಕಪ್ಪೆಯ ಗೊದಮೊಟ್ಟೆಗಳನ್ನು ಹಿಡಿದು ತಿನ್ನುತ್ತದೆ. ರೆಕ್ಕೆ ಬಂದು ಗದ್ದೆಯ ಮೇಲೆ ಹಾರಾಡುವಾಗ, ಆ ಸಾವಿನಿಂದ ತಪ್ಪಿಸಿಕೊಂಡು ಬೆಳೆದ ಕಪ್ಪೆ ಅದನ್ನು ಹಿಡಿದು ತಿನ್ನುತ್ತದೆ. ಎರಡು ಜೀವಿಗಳ ನಡುವೆ ಎರಡೂ ದಿಕ್ಕಿನ ಬಾಣ! ಸರಪಳಿಯ ಚಿತ್ರದಲ್ಲಿ ಇದನ್ನು ತೋರಿಸಲು ಸಾಧ್ಯವೇ ಇಲ್ಲ. ಹೀಗಾಗಿ ಸರಪಳಿ ಎಂಬುದು ಒಂದು ತುತ್ತಿನ ಪ್ರಯಾಣದ ದಾಖಲೆ ಮಾತ್ರ. ಒಂದು ಜಾಗದ ಎಲ್ಲ ತುತ್ತುಗಳ ದಾಖಲೆಗಳನ್ನು ಒಂದರ ಮೇಲೊಂದು ಇಟ್ಟರೆ ಸಿಗುವುದು ಜಾಲ. ಈ ಪರಿಕಲ್ಪನೆಗಳಿಗೆ ಶಾಸ್ತ್ರದ ರೂಪ ಕೊಟ್ಟ ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ 1927ರಲ್ಲಿಯೇ ಸರಪಳಿ ಮತ್ತು ಅವುಗಳ ಹೆಣಿಗೆಯನ್ನು ಬೇರೆಬೇರೆಯಾಗಿ ಗುರುತಿಸಿದ್ದರು.

ಪ್ರಶ್ನೆ: ನಾಗರಹೊಳೆಗೆ ಹೋದಾಗ ಜಿಂಕೆಗಳು ಹಿಂಡುಹಿಂಡಾಗಿ ಕಂಡವು, ಹುಲಿ ಮಾತ್ರ ಕಾಣಲಿಲ್ಲ. ಹುಲಿಗಳು ಅಷ್ಟು ವಿರಳವೇಕೆ? ಹುಲಿಯನ್ನು ಬೇಟೆಯಾಡಿ ಬದುಕುವ ಪ್ರಾಣಿ ಏಕಿಲ್ಲ?
— ಪಿಯುಸಿ ವಿದ್ಯಾರ್ಥಿ, ಮೈಸೂರು

ಉತ್ತರ: ನಿಮ್ಮ ಎರಡು ಪ್ರಶ್ನೆಗಳಿಗೂ ಇರುವುದು ಒಂದೇ ಉತ್ತರ, ಮತ್ತು ಅದು ಲೆಕ್ಕದ ಉತ್ತರ. ನೆಲದ ಮೇಲೆ ಬೀಳುವ ಬಿಸಿಲಿನಲ್ಲಿ ಸುಮಾರು ನೂರರಲ್ಲಿ ಒಂದು ಭಾಗವನ್ನಷ್ಟೇ ಸಸ್ಯಗಳು ತಮ್ಮ ಮೈಯಾಗಿ ಪರಿವರ್ತಿಸಿಕೊಳ್ಳುತ್ತವೆ. ಆ ಹುಲ್ಲನ್ನು ತಿಂದ ಜಿಂಕೆ ಅದರಲ್ಲಿ ಒಂದಿಷ್ಟನ್ನು ಜೀರ್ಣಿಸಿಕೊಳ್ಳಲಾಗದೆ ಹಿಕ್ಕೆಯಾಗಿ ಹೊರಹಾಕುತ್ತದೆ. ಉಳಿದದ್ದರ ಬಹುಪಾಲನ್ನು ಓಡಲು, ಉಸಿರಾಡಲು, ಮೈ ಬೆಚ್ಚಗಿಟ್ಟುಕೊಳ್ಳಲು ಸುಟ್ಟುಬಿಡುತ್ತದೆ. ಹೀಗೆ ಸುಟ್ಟ ಶಕ್ತಿ ಶಾಖವಾಗಿ ಗಾಳಿಗೆ ಸೇರುತ್ತದೆ, ಅದನ್ನು ಯಾವ ಜೀವಿಯೂ ಮರಳಿ ಹಿಡಿಯಲಾರದು. ಮಾಂಸವಾಗಿ ಉಳಿಯುವ ಅಲ್ಪಭಾಗವಷ್ಟೇ ಹುಲಿಯ ಪಾಲಿಗೆ ಸಿಗಬಹುದಾದದ್ದು.

ಅಮೆರಿಕದ ಮಿನೆಸೋಟ ರಾಜ್ಯದ ಸೀಡರ್ ಬಾಗ್ ಎಂಬ ಪುಟ್ಟ ಕೆರೆಯಲ್ಲಿ ರೇಮಂಡ್ ಲಿಂಡ್‌ಮನ್ ಎಂಬ ಯುವ ವಿಜ್ಞಾನಿ ಈ ಲೆಕ್ಕವನ್ನು ಮೊದಲ ಬಾರಿಗೆ ಕ್ರಮಬದ್ಧವಾಗಿ ಮಾಡಿದರು. ಅವರ ಪ್ರಬಂಧ ಪ್ರಕಟವಾದದ್ದು 1942ರಲ್ಲಿ. ಅದು ಅಚ್ಚಾಗುವ ಮೊದಲೇ, ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಿದ್ದರು. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ದಾಟುವ ಶಕ್ತಿ ಸುಮಾರು ಹತ್ತರಲ್ಲಿ ಒಂದು ಪಾಲು ಎಂದು ಪಠ್ಯಪುಸ್ತಕಗಳಲ್ಲಿ ಓದುವ ನಿಯಮದ ಬೇರು ಅಲ್ಲಿದೆ. ಅದನ್ನು ನಿಯಮವೆನ್ನುವುದಕ್ಕಿಂತ ಸರಾಸರಿ ಎನ್ನುವುದು ಉತ್ತಮ. ಮೈ ಬಿಸಿಯಾಗಿ ಇಟ್ಟುಕೊಳ್ಳಬೇಕಾದ ಪ್ರಾಣಿ ಮತ್ತು ಪಕ್ಷಿಗಳಲ್ಲಿ ಅದು ಇನ್ನೂ ಕಡಿಮೆ. ಆ ಖರ್ಚಿಲ್ಲದ ಮೀನು, ಹುಳುಗಳಲ್ಲಿ ಹೆಚ್ಚು.

ಈಗ ನಾಗರಹೊಳೆಗೆ ಬರೋಣ. ಅಲ್ಲಿ ಹುಲಿಗಳನ್ನು ದಶಕಗಳ ಕಾಲ ಅಭ್ಯಸಿಸಿದ ಉಲ್ಲಾಸ ಕಾರಂತರ ಲೆಕ್ಕದ ಪ್ರಕಾರ ಒಂದು ಹುಲಿಗೆ ವರ್ಷಕ್ಕೆ ಜಿಂಕೆ, ಕಡವೆ, ಕಾಟಿಯಂತಹ ಸುಮಾರು 50 ಗೊರಸಿನ ಪ್ರಾಣಿಗಳು ಬೇಕು. ಹಿಂಡು ಕರಗದಂತೆ ಪ್ರತಿವರ್ಷ ಅಷ್ಟನ್ನು ಕೊಡಬೇಕಾದರೆ ಅಲ್ಲಿ ಸುಮಾರು 500 ಪ್ರಾಣಿಗಳಿರಬೇಕು. ನಿಮಗೆ ಐನೂರು ಜಿಂಕೆಗಳು ಕಂಡು ಒಂದೂ ಹುಲಿ ಕಾಣದಿದ್ದರೆ, ಕಾಡಿನ ಲೆಕ್ಕ ಸರಿಯಾಗಿಯೇ ಇದೆ ಎಂದರ್ಥ.

ಹುಲಿಯನ್ನೇ ತಿಂದು ಬದುಕುವ, ಹುಲಿಯಷ್ಟೇ ಹೊಟ್ಟೆಯಿರುವ ಪ್ರಾಣಿಯೊಂದನ್ನು ಕಲ್ಪಿಸಿಕೊಳ್ಳಿ. ಅದೇ ಲೆಕ್ಕದಲ್ಲಿ ಅದಕ್ಕೆ ವರ್ಷಕ್ಕೆ 50 ಹುಲಿ, ಅಂದರೆ ಬೆನ್ನ ಹಿಂದೆ 500 ಹುಲಿಗಳ ಸಂಸಾರ ಬೇಕು. 2022ರ ಗಣತಿಯಂತೆ ಇಡೀ ಕರ್ನಾಟಕದಲ್ಲಿರುವ ಹುಲಿಗಳ ಅಂದಾಜು 563. ಅಂತಹ ಒಂದೇ ಒಂದು ಪ್ರಾಣಿಯನ್ನು ಸಾಕಲು ನಮ್ಮ ರಾಜ್ಯದ ಕಾಡುಗಳೆಲ್ಲ ಸೇರಿದರೂ ಅಷ್ಟಕ್ಕಷ್ಟೆ. ಜೊತೆಗಾರನೊಂದು ಬೇಕೆಂದರೆ ಪಕ್ಕದ ರಾಜ್ಯಗಳಿಗೆ ಕೈಚಾಚಬೇಕು. ನೆಲದ ಮೇಲಿನ ಸರಪಳಿಗಳು ನಾಲ್ಕೈದು ಕೊಂಡಿಗಳಿಗೇ ನಿಲ್ಲುವುದು ಈ ಕಾರಣದಿಂದ. ಹಾಗೆಂದು ಹುಲಿಯನ್ನು ತಿನ್ನುವವರೇ ಇಲ್ಲವೆಂದಲ್ಲ. ಅದರ ಮೈಮೇಲಿನ ರಕ್ತ ಹೀರುವ ಉಣ್ಣಿ, ಕರುಳಿನ ಹುಳು ಇವೆಲ್ಲ ಅದನ್ನು ಜೀವಂತವಾಗಿಯೇ ತಿನ್ನುತ್ತಿರುತ್ತವೆ. ಹುಲಿಯ ಮೇಲೆ ಬದುಕಬೇಕಾದರೆ ಅದಕ್ಕಿಂತ ದೊಡ್ಡದಾಗುವುದು ದಾರಿಯಲ್ಲ, ಬಹಳ ಚಿಕ್ಕದಾಗುವುದು ದಾರಿ.

ಪ್ರಶ್ನೆ: ಕಾಡಿನಲ್ಲಿ ಹುಲ್ಲು, ಮರ ಕಣ್ಣಿಗೆ ಕಾಣುತ್ತವೆ. ಸಮುದ್ರದಲ್ಲಿ ಹಾಗೆ ಏನೂ ಕಾಣುವುದಿಲ್ಲವಲ್ಲ, ಅಷ್ಟೊಂದು ಬೂತಾಯಿ, ಬಂಗುಡೆ ಏನನ್ನು ತಿಂದು ಬೆಳೆಯುತ್ತವೆ?
— ಓದುಗರು, ಮಲ್ಪೆ

ಉತ್ತರ: ಸಮುದ್ರದ ಹುಲ್ಲು ಸೂಕ್ಷ್ಮದರ್ಶಕದ ಕೆಳಗೆ ಮಾತ್ರ ಕಾಣುವಂಥದ್ದು. ಗಾಜಿನಂತಹ ಚಿಪ್ಪಿನೊಳಗಿರುವ ಡಯಾಟಮ್ ಮೊದಲಾದ ಒಂಟಿಕೋಶದ ಸಸ್ಯಪ್ಲವಕಗಳು ಬಿಸಿಲು ಇಳಿಯುವಷ್ಟು ಆಳದ ನೀರಿನಲ್ಲಿ ತೇಲಾಡುತ್ತ ಆಹಾರ ತಯಾರಿಸುತ್ತವೆ. ಕಾಡಿನಲ್ಲಿ ಸಸ್ಯಗಳ ಒಟ್ಟು ತೂಕ ಅವನ್ನು ತಿನ್ನುವವರ ತೂಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸಮುದ್ರದಲ್ಲಿ ಯಾವುದೋ ಒಂದು ದಿನ ಬಲೆ ಬೀಸಿ ಎಲ್ಲವನ್ನೂ ತೂಗಿದರೆ ತಿನ್ನುವವರ ತೂಕವೇ ಹೆಚ್ಚಾಗಿರಬಹುದು. ಲೆಕ್ಕ ತಪ್ಪಿತೇ ಎಂದು ಗಾಬರಿಯಾಗಬೇಕಿಲ್ಲ. ಪ್ಲವಕಗಳು ಅನುಕೂಲವಿದ್ದಾಗ ಒಂದೆರಡು ದಿನದಲ್ಲಿಯೇ ಇಮ್ಮಡಿಯಾಗುತ್ತವೆ, ಆದದ್ದು ಆದಂತೆಯೇ ತಿಂದುಹೋಗುತ್ತದೆ. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಸಂಜೆ ಉಳಿದ ಹಣವನ್ನು ಎಣಿಸಿ ದಿನದ ವ್ಯಾಪಾರವನ್ನು ಅಳೆಯಲಾಗದು. ಬಂದದ್ದೆಷ್ಟು, ಹೋದದ್ದೆಷ್ಟು ಎಂಬುದನ್ನು ನೋಡಬೇಕು. ಪ್ರತಿ ಮೆಟ್ಟಿಲಿನ ಲೆಕ್ಕವನ್ನು ಒಂದರ ಮೇಲೊಂದು ಜೋಡಿಸಿ ಬಿಡಿಸುವ ಪಿರಮಿಡ್‌ಗಳಲ್ಲಿ ತೂಕದ ಪಿರಮಿಡ್ ತಲೆಕೆಳಗಾಗಬಹುದು, ಶಕ್ತಿಯ ಪಿರಮಿಡ್ ಎಂದಿಗೂ ಆಗದು.

ಮುಂಗಾರಿಗೂ ನಿಮ್ಮ ಬಂದರಿನ ಬುಟ್ಟಿಗೂ ಇರುವ ನಂಟನ್ನು ಇಲ್ಲಿ ಹೇಳಲೇಬೇಕು. ಸತ್ತ ಜೀವಿಗಳು ಕೆಳಗಿಳಿದು ಕೊಳೆಯುವುದರಿಂದ ನೈಟ್ರೇಟ್, ಫಾಸ್ಫೇಟ್‌ನಂತಹ ಪೋಷಕಗಳು ಆಳದ ತಂಪು ನೀರಿನಲ್ಲಿ ಸೇರಿಕೊಂಡಿರುತ್ತವೆ, ಬಿಸಿಲಿರುವುದು ಮೇಲೆ. ಎರಡೂ ಕೂಡಿದಲ್ಲಿ ಮಾತ್ರ ಬೆಳೆ. ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯ ಮೇಲ್ಪದರದ ನೀರು ದಡದಿಂದ ಆಚೆಗೆ ಸರಿಯುತ್ತದೆ, ಆ ಜಾಗವನ್ನು ತುಂಬಲು ಆಳದ ನೀರು ಮೇಲಕ್ಕೆ ಬರುತ್ತದೆ. ಆಗ ಏಳುವ ಡಯಾಟಮ್‌ಗಳ ಹುಲುಸಾದ ಬೆಳೆಯೇ ಬೂತಾಯಿಯ ಮೇವು. ಕುಂದಾಪುರದ ಕಡೆ ಬೈಗೆ, ಕಾರವಾರದಲ್ಲಿ ತಾರ್ಲೆ ಎಂದು ಕರೆಸಿಕೊಳ್ಳುವ ಈ ಮೀನು ಹೆಚ್ಚಾಗಿ ಸಸ್ಯಪ್ಲವಕವನ್ನೇ ಸೋಸಿ ತಿನ್ನುವುದರಿಂದ ಬಿಸಿಲಿಗೂ ಅದಕ್ಕೂ ನಡುವೆ ಹೆಚ್ಚು ದಲ್ಲಾಳಿಗಳಿಲ್ಲ. ಮೇಳ, ಅಂದರೆ ಮೀನಿನ ದೊಡ್ಡ ಹಿಂಡು, ಬಂದ ವರ್ಷ ರಾಶಿರಾಶಿಯಾಗಿ ಸಿಗುವುದಕ್ಕೆ ಇದೊಂದು ಕಾರಣ. ಮೀನನ್ನೇ ತಿಂದು ಬೆಳೆಯುವ ಅಂಜಲ್ ಅದಕ್ಕಿಂತ ಎರಡು ಮೆಟ್ಟಿಲು ಮೇಲಿದೆ, ಅದು ಎಂದೂ ಬೂತಾಯಿಯಷ್ಟು ಹೇರಳವಾಗಿರಲು ಸಾಧ್ಯವಿಲ್ಲ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಇರುವ 61 ದಿನಗಳ ನಿಷೇಧವೂ ಮೀನುಗಳು ಮೊಟ್ಟೆಯಿಟ್ಟು ಮರಿಗಳು ಮೇಯುವ ಈ ಕಾಲಕ್ಕೇ ಹೊಂದಿಕೊಂಡಿದೆ.

ಪ್ರಶ್ನೆ: ನಾನು ಚಿಕ್ಕವನಿದ್ದಾಗ ಸತ್ತ ದನವನ್ನು ಊರಾಚೆ ಹಾಕಿದರೆ ಹೊತ್ತು ಮುಳುಗುವುದರೊಳಗೆ ರಣಹದ್ದುಗಳು ಮೂಳೆಯಷ್ಟನ್ನೇ ಉಳಿಸುತ್ತಿದ್ದವು. ಈಗ ಒಂದೂ ಕಾಣುವುದಿಲ್ಲ. ಆಹಾರ ಜಾಲದಲ್ಲಿ ಅವುಗಳ ಜಾಗವೇನಾಯಿತು?
— ಹಿರಿಯ ಓದುಗರು, ಚನ್ನಪಟ್ಟಣ

ಉತ್ತರ: ನೀವು ಕಂಡದ್ದು ಇತಿಹಾಸದಲ್ಲಿಯೇ ಅಪರೂಪವೆನಿಸುವಷ್ಟು ವೇಗದ ಕುಸಿತ. 1990ರ ದಶಕದಲ್ಲಿ ರಾಜಸ್ಥಾನದ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ರಣಹದ್ದುಗಳು ಕತ್ತು ಜೋಲುಹಾಕಿ ಕುಳಿತು ಸಾಯುತ್ತಿರುವುದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಗುರುತಿಸಿದರು. 1992ರಿಂದ 2007ರ ನಡುವೆ ದೇಶದಲ್ಲಿ ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದರಂತೆ ಉಳಿಯಿತು. ರೋಗವಿರಬಹುದೇ, ಕೀಟನಾಶಕವಿರಬಹುದೇ ಎಂದು ಹುಡುಕಾಟ ನಡೆದು, ಕೊನೆಗೆ 2004ರಲ್ಲಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದಲ್ಲಿ ನಡೆಸಿದ ಸಂಶೋಧನೆಯಿಂದ ಉತ್ತರ ದೊರೆಯಿತು. ಕಾರಣ ವಿಷವಲ್ಲ, ಔಷಧ: ದನಗಳ ನೋವು, ಬಾವುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್. ಅದನ್ನು ಪಡೆದ ಸ್ವಲ್ಪ ದಿನದಲ್ಲೇ ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ, ಯೂರಿಕ್ ಆಮ್ಲ ಒಳಾಂಗಗಳ ಮೇಲೆಲ್ಲ ಸುಣ್ಣದಂತೆ ಕೂರುತ್ತದೆ.

ಎಲ್ಲ ದನಗಳಿಗೂ ಆ ಔಷಧ ಕೊಟ್ಟಿರಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಮಾರಕ ಪ್ರಮಾಣವಿದ್ದರೂ ಇಂತಹ ಕುಸಿತಕ್ಕೆ ಸಾಕೆಂದು ಲೆಕ್ಕಾಚಾರ ತೋರಿಸಿದೆ. ರಣಹದ್ದು ಒಂಟಿಯಾಗಿ ಉಣ್ಣುವ ಹಕ್ಕಿಯಲ್ಲ; ಒಂದು ಹೆಣಕ್ಕೆ ಹತ್ತಾರು ಇಳಿಯುತ್ತವೆ. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿಗೆ ಆ ನಷ್ಟವನ್ನು ತುಂಬಿಕೊಳ್ಳಲಾಗದು. ಸರಪಳಿಯ ಹಾದಿಯಲ್ಲಿ ಪೋಷಣೆಯೊಂದೇ ಸಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕಹಿಯಾದ ನಿದರ್ಶನ ನನಗೆ ತಿಳಿದಿಲ್ಲ.

ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಆ ಜಾಗ ಖಾಲಿ ಉಳಿಯಲಿಲ್ಲ. ಉಳಿದ ಹೆಣಗಳನ್ನು ನಾಯಿ, ಇಲಿ, ಕಾಗೆಗಳು ಹಂಚಿಕೊಂಡವು. ಹೆಣ ಹಾಕುವ ಜಾಗಗಳಲ್ಲಿ ನಾಯಿಗಳ ಹಿಂಡು ಬೆಳೆಯಿತು, ಅದರೊಂದಿಗೆ ಹುಚ್ಚುನಾಯಿ ಕಡಿತದ ಭಯವೂ ಬೆಳೆಯಿತು. ಆದರೆ ನಾಯಿ ಮಾಡುವ ಕೆಲಸ ರಣಹದ್ದಿನ ಕೆಲಸಕ್ಕೆ ಸಮವಲ್ಲ. ರಣಹದ್ದಿನ ಜಠರರಸದ ಆಮ್ಲ ಬಹಳ ತೀಕ್ಷ್ಣ, ಕೊಳೆತ ಮಾಂಸದ ಹಲವು ರೋಗಾಣುಗಳು ಅದರಲ್ಲಿ ನಾಶವಾಗುತ್ತವೆ. ನಾಯಿ ಅವನ್ನು ಬೀದಿಗೆ ಹೊತ್ತುತರುತ್ತದೆ. ಶವವನ್ನು ರಣಹದ್ದುಗಳಿಗೆ ಒಪ್ಪಿಸುವ ಮುಂಬೈಯ ಪಾರ್ಸಿ ಸಮುದಾಯ ಬಿಸಿಲನ್ನು ಕೇಂದ್ರೀಕರಿಸುವ ಫಲಕಗಳ ಮೊರೆಹೋಗಬೇಕಾಯಿತು.

ಭಾರತದಲ್ಲಿ ಪಶುಗಳಿಗೆ ಡೈಕ್ಲೊಫೆನಾಕ್ ಬಳಸುವುದನ್ನು 2006ರಲ್ಲಿ ನಿಷೇಧಿಸಲಾಯಿತು. ಮೆಲಾಕ್ಸಿಕಾಮ್ ಎಂಬ ಔಷಧ ರಣಹದ್ದುಗಳಿಗೆ ಅಪಾಯವಿಲ್ಲದ ಬದಲಿಯಾಗಿ ಬಂದಿತು. ಅದೇ ದೋಷವಿದ್ದ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್‌ಗಳ ಪಶುಬಳಕೆಗೆ ನಿಷೇಧ ಬಂದದ್ದು 2023ರಲ್ಲಿ. ಹದಿನೇಳು ವರ್ಷ ಕಾಯಬೇಕಿತ್ತೇ ಎಂಬ ಪ್ರಶ್ನೆ ನನ್ನದು. ಅಂದಹಾಗೆ ಒಂದೂ ಕಾಣುವುದಿಲ್ಲ ಎಂದು ಬರೆದಿದ್ದೀರಿ. ನಿಮ್ಮ ನೆರೆಯ ರಾಮನಗರದ ರಾಮದೇವರ ಬೆಟ್ಟದ ಬಂಡೆಗಳು ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟಿಕೊಂಡು ಬಂದ ಜಾಗ, 2012ರಲ್ಲಿ ಅದನ್ನು ರಣಹದ್ದು ಧಾಮವೆಂದು ಘೋಷಿಸಲಾಗಿದೆ. ದುರ್ಬೀನು ಹಿಡಿದು ಒಂದು ಬೆಳಗ್ಗೆ ಅಲ್ಲಿ ಕಳೆದು ನೋಡಿ.

ಪ್ರಶ್ನೆ: ಗದ್ದೆಗೆ ಹೊಡೆದ ಔಷಧ ಮೇಲಿನ ಪ್ರಾಣಿಗಳಲ್ಲಿ ಹೆಚ್ಚಾಗುತ್ತ ಹೋಗುತ್ತದೆ ಎನ್ನುತ್ತಾರೆ. ಶಕ್ತಿ ಕಡಿಮೆಯಾಗುತ್ತ ಹೋಗುವಾಗ ವಿಷ ಹೇಗೆ ಹೆಚ್ಚಾಗುತ್ತದೆ?
— ಭತ್ತದ ಬೆಳೆಗಾರ, ಗಂಗಾವತಿ

ಉತ್ತರ: ಶಕ್ತಿ ಕಡಿಮೆಯಾಗುವುದರಿಂದಲೇ ವಿಷ ಹೆಚ್ಚಾಗುತ್ತದೆ. ಒಂದು ಕಿಲೋ ಮೈ ಬೆಳೆಸಿಕೊಳ್ಳಲು ಒಂದು ಮೀನು ಹಲವು ಕಿಲೋ ಆಹಾರ ತಿನ್ನಬೇಕು. ತಿಂದದ್ದರಲ್ಲಿ ಬಹುಪಾಲು ಸುಟ್ಟುಹೋಗುತ್ತದೆ. ಡಿಡಿಟಿಯಂತಹ ವಸ್ತು ಮಾತ್ರ ಸುಡುವುದಿಲ್ಲ, ನೀರಿನಲ್ಲಿ ಕರಗಿ ಮೂತ್ರದ ಜೊತೆ ಹೋಗುವುದೂ ಇಲ್ಲ, ಕೊಬ್ಬಿನಲ್ಲಿ ಕೂತುಬಿಡುತ್ತದೆ. ಪಾಯಸ ಕುದಿದು ಹಾಲು ಇಂಗಿದಷ್ಟೂ ಸಿಹಿ ಗಟ್ಟಿಯಾಗುವಂತೆ, ಪ್ರತಿ ಮೆಟ್ಟಿಲಲ್ಲೂ ವಿಷ ಗಟ್ಟಿಯಾಗುತ್ತದೆ. ವಿಜ್ಞಾನ ಪಠ್ಯಗಳಲ್ಲಿ ಕೊಡುವ ಪ್ರಸಿದ್ಧ ಉದಾಹರಣೆಯಲ್ಲಿ ನೀರಿನಲ್ಲಿ ಡಿಡಿಟಿ ಇದ್ದದ್ದು ಶತಕೋಟಿಯಲ್ಲಿ 0.003 ಭಾಗ, ಮೀನು ತಿನ್ನುವ ಹಕ್ಕಿಯಲ್ಲಿ ದಶಲಕ್ಷದಲ್ಲಿ 25 ಭಾಗ. ಎಂಬತ್ತು ಲಕ್ಷ ಪಟ್ಟಿಗೂ ಮಿಕ್ಕಿದ ಹೆಚ್ಚಳವಿದು. ಹಕ್ಕಿಗಳು ಅದರಿಂದ ಒಮ್ಮೆಗೇ ಸಾಯಲಿಲ್ಲ. ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವು ಕೂತ ತಾಯಿಯ ಭಾರಕ್ಕೇ ಒಡೆಯತೊಡಗಿದವು. ಭಾರತದಲ್ಲಿ ಡಿಡಿಟಿಯ ಕೃಷಿಬಳಕೆಗೆ 1989ರಲ್ಲಿ ನಿಷೇಧ ಬಂದಿದೆ.

ನೀವು ಇಂದು ಬಳಸುವ ಎಲ್ಲ ಔಷಧಗಳೂ ಹೀಗೆ ಶೇಖರಗೊಳ್ಳುವುದಿಲ್ಲ. ಅನೇಕವು ಬೇಗ ಒಡೆದುಹೋಗುತ್ತವೆ. ಅವುಗಳ ಕೆಡುಕು ಬೇರೆಯದು: ಕೀಟದ ಜೊತೆ ಆ ಕೀಟವನ್ನು ತಿನ್ನುವ ಜೇಡ, ಕೊಡತಿ, ಗುಲಗಂಜಿ ಹುಳುಗಳನ್ನೂ ಕೊಲ್ಲುವುದು. ಸಸ್ಯ ತಿನ್ನುವ ಕೀಟದ ಸಂತತಿ ಬೇಗ ಚೇತರಿಸಿಕೊಳ್ಳುತ್ತದೆ, ಅದನ್ನು ತಿನ್ನುವವರದು ತಡವಾಗುತ್ತದೆ. ಸಿಂಪಡಿಸಿದ ಕೆಲವು ವಾರಗಳಲ್ಲಿ ಕಂದು ಜಿಗಿಹುಳು ಮೊದಲಿಗಿಂತ ಹೆಚ್ಚಾಗಿ ಏಳುವುದನ್ನು ನೀವೇ ಕಂಡಿರಬಹುದು.

ಪ್ರಶ್ನೆ: ಬೆಟ್ಟದಿಂದ ದರಗು ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಹಾಕುತ್ತೇವೆ. ಯಾರೂ ತಿನ್ನದ ಈ ಒಣಎಲೆ ಯಾವ ಸರಪಳಿಗೆ ಸೇರುತ್ತದೆ?
— ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು

ಉತ್ತರ: ಯಾರೂ ತಿನ್ನದ್ದು ಎಂಬ ಮಾತನ್ನು ಮೊದಲು ತಿದ್ದೋಣ. ಕಾಡಿನಲ್ಲಿ ಬೆಳೆಯುವ ಎಲೆಯಲ್ಲಿ ಹಸಿರಾಗಿರುವಾಗಲೇ ತಿಂದುಹೋಗುವುದು ಸಣ್ಣ ಪಾಲು. ದೊಡ್ಡ ಪಾಲು ಉದುರಿ ದರಗಾಗಿ ನೆಲ ಸೇರುತ್ತದೆ. ಚಿತ್ರಗಳಲ್ಲಿ ಜಿಂಕೆ, ಹುಲಿಗಳೇ ರಾರಾಜಿಸಿದರೂ ಕಾಡಿನ ನಿಜವಾದ ಊಟದ ಪಂಕ್ತಿ ನಡೆಯುವುದು ನೆಲದಲ್ಲಿ. ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಗಳು ಎಲೆಯನ್ನು ಮೆತ್ತಗಾಗಿಸುತ್ತವೆ, ಎರೆಹುಳು, ಸಹಸ್ರಪದಿ, ಗೆದ್ದಲುಗಳು ಅದನ್ನು ತಿನ್ನುತ್ತವೆ, ಅವನ್ನು ಚೇಳು, ಜೇಡ, ಹಕ್ಕಿಗಳು ತಿನ್ನುತ್ತವೆ. ಇದನ್ನು ಕೊಳೆತದ್ದರಿಂದ ಶುರುವಾಗುವ ಸರಪಳಿ ಎನ್ನೋಣ.

ಗೆದ್ದಲಿನ ಸಂಸಾರ ಇಲ್ಲಿ ಬಹು ಸ್ವಾರಸ್ಯಕರ. ನಮ್ಮ ಹುತ್ತಗಳನ್ನು ಕಟ್ಟುವ ಅನೇಕ ಜಾತಿಯ ಗೆದ್ದಲುಗಳು ತಂದ ಒಣಕಟ್ಟಿಗೆ, ಎಲೆಗಳ ಮೇಲೆ ಹುತ್ತದೊಳಗೆ ಶಿಲೀಂಧ್ರದ ತೋಟ ಮಾಡುತ್ತವೆ. ಮರದ ನಾರನ್ನು ಒಡೆಯುವ ಕಷ್ಟದ ಕೆಲಸವನ್ನು ಅದಕ್ಕೆ ವಹಿಸಿ, ಪಕ್ವವಾದದ್ದನ್ನು ತಾವು ತಿನ್ನುತ್ತವೆ. ಮೊದಲ ಮಳೆಗಳಾದ ಮೇಲೆ ಹುತ್ತದ ಸುತ್ತ ಏಳುವ, ನೀವು ಹುಡುಕಿಕೊಂಡು ಹೋಗಿ ಸಾರು ಮಾಡುವ ಅಣಬೆ ಆ ತೋಟದ ಹೊರಗಿನ ತಲೆ. ಮಳೆ ಬಿದ್ದ ಸಂಜೆ ರೆಕ್ಕೆಯ ಗೆದ್ದಲು ಎದ್ದಾಗ ಕಾಜಾಣ, ಕಪ್ಪೆ, ಹಲ್ಲಿಗಳಿಗೆಲ್ಲ ಹಬ್ಬ. ಬಳ್ಳಾರಿ ಸೀಮೆಯ ದರೋಜಿಯ ಕರಡಿಗಳಂತೂ ಹುತ್ತವನ್ನು ಉಗುರಿನಿಂದ ಕೆದರಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಮುಂಭಾಗದ ಎರಡು ಮೇಲ್ಹಲ್ಲುಗಳಿಲ್ಲದ ಸಂದಿಯಿಂದ ಗೆದ್ದಲನ್ನು ಹೀರುತ್ತವೆ. ಅಷ್ಟು ದೊಡ್ಡ ಮೈ ಬೆಳೆಯುವುದರಲ್ಲಿ ಒಣಗಿದ ಎಲೆ, ಕಡ್ಡಿಗಳ ಪಾಲು ಸಣ್ಣದಲ್ಲ.

ಈಗ ನಿಮ್ಮ ತೋಟ. ಶಕ್ತಿ ಒಮ್ಮೆ ಸುಟ್ಟರೆ ಮುಗಿಯಿತು, ಪ್ರತಿದಿನ ಹೊಸದಾಗಿ ಬಿಸಿಲಿನಿಂದಲೇ ಬರಬೇಕು. ಸಾರಜನಕ, ರಂಜಕ, ಪೊಟ್ಯಾಷ್ ಹಾಗಲ್ಲ. ಕೊಳೆಸುವ ಜೀವಿಗಳಾದ ವಿಘಟಕಗಳು ಅವನ್ನು ಬಿಡಿಸಿ ಬೇರಿಗೆ ಮರಳಿಸುತ್ತವೆ, ಅವು ಸುತ್ತುತ್ತಲೇ ಇರುತ್ತವೆ. ನೀವು ಮಾಡುತ್ತಿರುವುದು ಬೆಟ್ಟದಲ್ಲಿ ಸುತ್ತಬೇಕಾದ ಪೋಷಕಗಳನ್ನು ತೋಟದ ಸುತ್ತಿಗೆ ಸೇರಿಸುವುದು. ಇದು ತಪ್ಪೆಂದು ನಾನು ಹೇಳುತ್ತಿಲ್ಲ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ವ್ಯವಸ್ಥೆಯ ಹಿಂದೆ ಇದೇ ಲೆಕ್ಕ ಇದ್ದಂತಿದೆ. ಬೆಟ್ಟದ ವಿಸ್ತೀರ್ಣ ಕುಗ್ಗಿ, ಒಂದೇ ಜಾಗವನ್ನು ವರ್ಷವರ್ಷವೂ ನುಣ್ಣಗೆ ಗುಡಿಸಿದರೆ ಮಾತ್ರ ಕಷ್ಟ. ಸರದಿಯ ಮೇಲೆ ಒಂದು ಭಾಗದ ದರಗನ್ನು ಮುಟ್ಟದೆ ಬಿಡುವುದು, ಅಡಿಕೆ ಸಿಪ್ಪೆ, ಹಾಳೆ, ಸೋಗೆಗಳನ್ನು ಸುಡದೆ ತೋಟಕ್ಕೇ ಮರಳಿಸುವುದು ನನ್ನ ಸಲಹೆ.

ಪ್ರಶ್ನೆ: ಎಲ್ಲ ಆಹಾರ ಸರಪಳಿಗಳೂ ಸೂರ್ಯನಿಂದಲೇ ಆರಂಭವಾಗುತ್ತವೆಯೇ?
— ಓದುಗರು, ವಿಜಯಪುರ

ಉತ್ತರ: ಇಲ್ಲ. 1977ರಲ್ಲಿ ಗಲಾಪಗೋಸ್ ದ್ವೀಪಗಳ ಬಳಿ ಸುಮಾರು ಎರಡೂವರೆ ಕಿಲೋಮೀಟರ್ ಆಳದಲ್ಲಿ, ಬಿಸಿಲು ಎಂದೂ ತಲುಪದ ಸಮುದ್ರತಳದಲ್ಲಿ, ಬಿಸಿನೀರಿನ ಬುಗ್ಗೆಗಳ ಸುತ್ತ ಜೀವಿಗಳ ದಟ್ಟ ಸಂತೆಯೇ ಕಂಡಿತು. ಅಲ್ಲಿನ ಬ್ಯಾಕ್ಟೀರಿಯಗಳು ನೆಲದೊಳಗಿನಿಂದ ಬರುವ ಹೈಡ್ರೋಜನ್ ಸಲ್ಫೈಡ್‌ನಿಂದ ಶಕ್ತಿ ಪಡೆದು ಆಹಾರ ತಯಾರಿಸುತ್ತವೆ. ಬಾಯಿಯೂ ಹೊಟ್ಟೆಯೂ ಇಲ್ಲದ, ಆಳೆತ್ತರ ಬೆಳೆಯುವ ಕೊಳವೆಹುಳುಗಳು ಅವನ್ನು ತಮ್ಮ ಮೈಯೊಳಗೇ ಇಟ್ಟುಕೊಂಡು ಬದುಕುತ್ತವೆ.

ಪ್ರಶ್ನೆ: ಒಂದು ಕೊಂಡಿ ಕಳಚಿದರೂ ಇಡೀ ಸರಪಳಿ ಕುಸಿಯುತ್ತದೆ ಎಂದು ಭಾಷಣಗಳಲ್ಲಿ ಕೇಳಿದ್ದೇನೆ. ಎಷ್ಟೋ ಜೀವಿಗಳು ಅಳಿದಿವೆ, ಜಗತ್ತು ನಡೆದೇ ಇದೆಯಲ್ಲ?
— ಓದುಗರು, ತುಮಕೂರು

ಉತ್ತರ: ಭಾಷಣದ ಮಾತು ಉತ್ಪ್ರೇಕ್ಷೆ, ನಿಮ್ಮ ಅನುಮಾನ ಸಾಧುವಾದದ್ದು. ಇಲಿ ಸಿಗದ ದಿನ ಕೇರೆ ಹಾವು ಕಪ್ಪೆಯನ್ನು ತಿನ್ನುವಂತೆ, ಜಾಲದಲ್ಲಿ ಬಳಸುದಾರಿಗಳಿರುತ್ತವೆ. ಹೆಣಿಗೆ ದಟ್ಟವಾಗಿದ್ದಷ್ಟೂ ಒಂದು ಎಳೆ ಹರಿದಾಗ ತಡೆದುಕೊಳ್ಳುವ ಸಾಧ್ಯತೆ ಹೆಚ್ಚು. ಆದರೆ ಎಲ್ಲ ಎಳೆಗಳೂ ಒಂದೇ ತೆರನಲ್ಲ, ಮತ್ತು ಯಾವುದು ಹೇಗೆ ಎಂಬುದು ನೋಡಿದರೆ ತಿಳಿಯುವುದಿಲ್ಲ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲತೀರದಲ್ಲಿ ರಾಬರ್ಟ್ ಪೇನ್ 1963ರಲ್ಲಿ ಸರಳವಾದೊಂದು ಪ್ರಯೋಗ ಆರಂಭಿಸಿದರು. ಬಂಡೆಯ ಒಂದು ಭಾಗದಿಂದ ನಕ್ಷತ್ರಮೀನುಗಳನ್ನು ಕಿತ್ತು ಸಮುದ್ರಕ್ಕೆ ಎಸೆಯುತ್ತ ಬಂದರು. ಪಕ್ಕದ ಭಾಗವನ್ನು ಹಾಗೆಯೇ ಬಿಟ್ಟರು. ನಕ್ಷತ್ರಮೀನು ಹೆಚ್ಚಾಗಿ ತಿನ್ನುತ್ತಿದ್ದದ್ದು ನಮ್ಮ ಕರಾವಳಿಯ ಪಚ್ಚಿಲೆಯ ಬಳಗಕ್ಕೆ ಸೇರಿದ ಚಿಪ್ಪುಜೀವಿಗಳನ್ನು. ತಿನ್ನುವವರಿಲ್ಲದೆ ಅವು ಬಂಡೆಯನ್ನೆಲ್ಲ ಆಕ್ರಮಿಸಿ ಉಳಿದವರನ್ನು ಹೊರದಬ್ಬಿದವು. 15 ಜಾತಿಗಳಿದ್ದಲ್ಲಿ 8 ಉಳಿದವು. ಸಂಖ್ಯೆಯಲ್ಲಿ ಅಲ್ಪವಾಗಿದ್ದರೂ ಇಡೀ ರಚನೆಯನ್ನು ಹಿಡಿದಿಡುವ ಇಂತಹ ಜೀವಿಯನ್ನು ಪೇನ್ ಕಮಾನಿನ ನೆತ್ತಿಯಲ್ಲಿ ಕೂರಿಸುವ ನಡುಗಲ್ಲಿಗೆ ಹೋಲಿಸಿದರು. ನಮ್ಮ ಕಾಡುಗಳಲ್ಲಿ ಬೇರೆ ಹಣ್ಣು ಸಿಗದ ತಿಂಗಳುಗಳಲ್ಲಿಯೂ ಹಣ್ಣು ಬಿಟ್ಟು ಮಂಗಟ್ಟೆ, ಮಂಗ, ಬಾವಲಿಗಳನ್ನು ಪೊರೆಯುವ ಅತ್ತಿ, ಆಲ, ಗೋಳಿಮರಗಳನ್ನು ನಡುಗಲ್ಲೆಂದು ಪರಿಗಣಿಸುವವರಿದ್ದಾರೆ, ನನಗೂ ಅದು ಸರಿಯೆನಿಸುತ್ತದೆ.

ತಪ್ಪು ಎಣಿಕೆಯ ಉದಾಹರಣೆಯೂ ಇದೆ. ಚೀನಾದಲ್ಲಿ 1958ರಲ್ಲಿ ಇಲಿ, ನೊಣ, ಸೊಳ್ಳೆಗಳೊಂದಿಗೆ ಗುಬ್ಬಚ್ಚಿಯನ್ನೂ ಕಾಳು ಕದಿಯುವ ಶತ್ರುವೆಂದು ಸಾರಿ, ತಟ್ಟೆ ಬಡಿದು ಕೂರಲು ಬಿಡದೆ ಹಾರಿಸಿ ಹಾರಿಸಿ ಕೊಂದರು. ಗುಬ್ಬಚ್ಚಿ ಕಾಳು ತಿನ್ನುವುದು ನಿಜ. ಅದು ಮರಿಗಳಿಗೆ ಉಣಿಸುವುದು ಹುಳುಗಳನ್ನು ಎಂಬುದೂ ನಿಜ. ಬೆಳೆಗೆ ಕೀಟಗಳ ಕಾಟ ಹೆಚ್ಚಿತು. 1960ರಲ್ಲಿ ಪಟ್ಟಿಯಿಂದ ಗುಬ್ಬಚ್ಚಿಯನ್ನು ತೆಗೆದು ತಿಗಣೆಯನ್ನು ಸೇರಿಸಲಾಯಿತು. ಆ ವರ್ಷಗಳ ಭೀಕರ ಕ್ಷಾಮಕ್ಕೆ ಆಡಳಿತದ ನೀತಿಗಳೇ ಮುಖ್ಯ ಕಾರಣ, ಗುಬ್ಬಚ್ಚಿಯೊಂದನ್ನೇ ಹೊಣೆಯಾಗಿಸುವುದು ಮತ್ತೊಂದು ಉತ್ಪ್ರೇಕ್ಷೆ.

ಪ್ರಶ್ನೆ: ಮನುಷ್ಯ ಆಹಾರ ಸರಪಳಿಯ ತುತ್ತತುದಿಯಲ್ಲಿದ್ದಾನೆಯೇ?
— ಓದುಗರು, ಮಂಡ್ಯ

ಉತ್ತರ: ಸಸ್ಯವನ್ನು 1 ಎಂದು ಎಣಿಸಿ, ತಿನ್ನುವ ಆಹಾರದ ಸರಾಸರಿ ಮೆಟ್ಟಿಲಿಗೆ ಒಂದನ್ನು ಸೇರಿಸಿದರೆ ತಿನ್ನುವವರ ಮೆಟ್ಟಿಲು ಸಿಗುತ್ತದೆ. ಹೀಗೆ ಮನುಷ್ಯಕುಲಕ್ಕೆ ಲೆಕ್ಕ ಹಾಕಿದ ಫ್ರಾನ್ಸಿನ ಸಂಶೋಧಕರಿಗೆ 2013ರಲ್ಲಿ ಸಿಕ್ಕ ಸಂಖ್ಯೆ 2.21, ಹಂದಿಯದೂ ಹೆಚ್ಚುಕಡಿಮೆ ಅದೇ. ನಮ್ಮ ಶಕ್ತಿಯ ಬಹುಪಾಲು ಅಕ್ಕಿ, ರಾಗಿ, ಗೋಧಿ, ಜೋಳಗಳಿಂದಲೇ ಬರುವುದರಿಂದ ಇದರಲ್ಲಿ ಅಚ್ಚರಿಯಿಲ್ಲ. ನಿಮ್ಮ ಮೆಟ್ಟಿಲು ಊಟದಿಂದ ಊಟಕ್ಕೆ ಬದಲಾಗುತ್ತದೆ. ಮುದ್ದೆ, ಸೊಪ್ಪಿನ ಸಾರು ಉಂಡ ಹೊತ್ತಿನಲ್ಲಿ ನೀವು ಮಿಡತೆಯ ಸಾಲಿನಲ್ಲಿ, 2ರಲ್ಲಿ ಇರುತ್ತೀರಿ. ಮೇಲೊಂದು ಲೋಟ ಮಜ್ಜಿಗೆ ಕುಡಿದರೆ ಸ್ವಲ್ಪ ಮೇಲೇರುತ್ತೀರಿ. ಅಂಜಲ್ ಮೀನು ನಾಲ್ಕೂವರೆಯ ಆಸುಪಾಸಿನಲ್ಲಿರುವುದರಿಂದ, ಮಂಗಳೂರಿಗೆ ಹೋಗಿ ಅದನ್ನು ಹುರಿದು ತಿಂದರೆ ಆ ತುತ್ತಿನ ಮಟ್ಟಿಗೆ ಐದೂವರೆ ತಲುಪುತ್ತೀರಿ. ಜಿಂಕೆ ತಿಂದ ಹುಲಿ ಇರುವುದು 3ರಲ್ಲಿ.